ಕೈ ತೋರಿಸದೆ ಬಾರಿಸಿದ ನಾಲ್ಕು ಪೆಟ್ಟು

ಆ ಊರಿನಲ್ಲಿ ಕಾರು ಓಡಿಸಲು ಬಲ್ಲವರಲ್ಲಿ ಅರ್ಧಕ್ಕರ್ಧ ಜನ ನಿಧಾನಪ್ಪನ ಕೈಯಲ್ಲಿ ಪಳಗಿದವರು. ನಿಧಾನಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಲಿಯಲು ಬಂದವರು ಕಟ್ಟಿದ ಹೆಸರು. ಹೊಸಬರ ಎಡಗಾಲು ಬಲಗಾಲು ಎತ್ತು ಏರಿಗೆ ಕೋಣ ನೀರಿಗೆ ಅಂತ ಎಳೆದಾಡಿ, ಗಾಡಿ ಕೆಮ್ಮಿ ಕುಪ್ಪಳಿಸಿ ನಡುರಸ್ತೆಯಲ್ಲಿ ನಿಂತುಬಿಡಲಿ, ಹಿಂದಿನ ಲಾರಿಯವನು ಹಾರನ್ ಒತ್ತಿ ಬೀದಿಗೆ ಬೀದಿಯನ್ನೇ ಎಬ್ಬಿಸಲಿ, ಪಕ್ಕದಲ್ಲಿ ಕೂತ ಈ ಮನುಷ್ಯ ಮಾತ್ರ ಆಗತಾನೇ ಉಂಡು ಎದ್ದವನ ನೆಮ್ಮದಿಯಲ್ಲಿ, "ನಿಧಾನ, ನಿಧಾನ. ರಸ್ತೆ ಎಲ್ಲಿಗೂ ಓಡಿಹೋಗಲ್ಲ. ಮತ್ತೆ ಸ್ಟಾರ್ಟ್ ಮಾಡಿ," ಅನ್ನುತ್ತಿದ್ದ. ಕುಳ್ಳು ಮೈ, ನುಣ್ಣನೆ ತಲೆ, ಅಗಲವಾದ ಅಂಗೈ. ಸಿಟ್ಟು ಅನ್ನುವುದನ್ನು ದೇವರು ಹಂಚುವಾಗ ಇವನು ಸಾಲಿನ ಕೊನೆಯಲ್ಲಿ ನಿಂತಿದ್ದಿರಬೇಕು, ಅವನ ಪಾಲಿಗೆ ಏನೂ ಉಳಿದಿರಲಿಲ್ಲ ಅಂತ ಅವನ ಹೆಂಡತಿ ಹೇಳುತ್ತಿದ್ದಳು. ಅವನ ಪಾಲಿನದೂ ತನಗೇ ಬಂದಿದೆ ಅನ್ನುವುದನ್ನೂ ಅವಳೇ ಸೇರಿಸುತ್ತಿದ್ದಳು.

ಹಗಲೆಲ್ಲ ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ಊರು ಸುತ್ತುವ ನಿಧಾನಪ್ಪ ವಾರಕ್ಕೆರಡು ಸಂಜೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪುರಭವನಕ್ಕೆ ಹೋಗುತ್ತಿದ್ದ. ಅಲ್ಲಿ ಊರಿನ ವಾದ್ಯವೃಂದ ಸೇರುತ್ತಿತ್ತು. ಹಲ್ಲಿನ ಡಾಕ್ಟರು ಕೊಳಲು ನುಡಿಸುತ್ತಿದ್ದರು, ಔಷಧಿ ಅಂಗಡಿಯಾಕೆ ಪಿಟೀಲುಗಳ ಮೊದಲ ಸಾಲಿನಲ್ಲಿ ಕೂರುತ್ತಿದ್ದರು, ಶಾಲೆಯ ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬ ಬಡಗಿ, ಎಲ್ಲರೂ ಇದ್ದರು. ಎಲ್ಲರ ಹಿಂದೆ, ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ, ತಾಮ್ರದ ಎರಡು ನಗಾರಿ. ನೂರು ಜನಕ್ಕೆ ಅಡುಗೆ ಮಾಡುವ ಹಂಡೆಗೆ ಚರ್ಮ ಬಿಗಿದ ಹಾಗೆ ಕಾಣುವ ಆ ನಗಾರಿಗಳು ನಿಧಾನಪ್ಪನವು.

ಅವನ ಕೈಗೆ ಅವು ಬಂದದ್ದೂ ಒಂದು ಕಥೆಯೇ. ಡ್ರೈವಿಂಗ್ ಸ್ಕೂಲು ಶುರು ಮಾಡುವ ಮೊದಲು ನಿಧಾನಪ್ಪ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ವಾದ್ಯವೃಂದ ಹೊರಗಿನ ಊರಿಗೆ ಹೋದಾಗ ದೊಡ್ಡ ವಾದ್ಯಗಳನ್ನು ಹೇರಿಕೊಂಡು ಹೋಗುವುದು ಅವನ ಕೆಲಸ. ಒಂದು ಸಲ ನಗಾರಿಯನ್ನು ಮೆಟ್ಟಿಲು ಹತ್ತಿಸಿ, ಉಸ್ಸಪ್ಪಾ ಅಂತ ಬೆವರು ಒರೆಸಿಕೊಳ್ಳುತ್ತಿದ್ದಾಗ, ಅದನ್ನು ಬಾರಿಸಬೇಕಾದ ಮುದುಕರು, ಗಡಿಯಾರ ರಿಪೇರಿಯವರು, ಸೊಂಟ ಹಿಡಿದುಕೊಂಡು ಕುಸಿದು ಕೂತರು. ಅವರನ್ನು ಮಲಗಿಸಿದ್ದಾಯಿತು. ಜನ ಬಂದು ಕೂತಿದ್ದರು. ವಾದ್ಯವೃಂದವನ್ನು ನಡೆಸುವವರು ಸುತ್ತ ನೋಡಿದರು. ಕೈ ಖಾಲಿ ಇದ್ದವನು ನಿಧಾನಪ್ಪ ಒಬ್ಬನೇ.

"ನೀನು ಅಲ್ಲಿ ನಿಲ್ಲು. ನಾನು ನಿನ್ನ ಕಡೆ ಕೈ ತೋರಿಸಿದಾಗ ಹೊಡಿ. ತೋರಿಸದಿದ್ದರೆ ಗೋಡೆ ಹಾಗೆ ಸುಮ್ಮನೆ ನಿಂತಿರು."

ಆವತ್ತು ಅವನು ಹೊಡೆದದ್ದು ಎಷ್ಟು ಸರಿ, ಎಷ್ಟು ತಪ್ಪು, ಯಾರೂ ಹೇಳಲಿಲ್ಲ. ಆದರೆ ಗೋಡೆಯ ಹಾಗೆ ನಿಂತದ್ದು ಮಾತ್ರ ಎಲ್ಲರಿಗೂ ಹಿಡಿಸಿತು. ಗಡಿಯಾರದ ಮುದುಕರು ಮಂಚದ ಮೇಲೆ ಮಲಗಿಕೊಂಡೇ, "ಹೊಡೆಯೋದು ಯಾರು ಬೇಕಾದರೂ ಕಲೀತಾರೆ. ಹೊಡೆಯದೆ ಇರೋದು ಹುಟ್ಟಿನಿಂದ ಬರಬೇಕು. ನಾಳೆಯಿಂದ ಮನೆಗೆ ಬಾ," ಅಂದರು. ಅವರು ಬದುಕಿರುವವರೆಗೂ ಹೋಗಿ ಕಲಿತ. ಮನೆಯಲ್ಲಿ ನಗಾರಿ ಇಲ್ಲದ್ದರಿಂದ ಸೋಫಾದ ದಿಂಬುಗಳ ಮೇಲೆ ಅಭ್ಯಾಸ. ಹೆಂಡತಿ ರೇಗಿದರೆ, "ದೂಳು ಝಾಡಿಸ್ತಿದೀನಿ ಅಂದ್ಕೋ," ಅನ್ನುತ್ತಿದ್ದ.

ವಾದ್ಯವೃಂದ ನಡೆಸುವವರು ಅಂದಿನಿಂದ ಇಂದಿನವರೆಗೂ ಅವರೇ. ಕೈಯಲ್ಲಿ ಸದಾ ಬಿಳಿ ಕಡ್ಡಿ ಹಿಡಿದಿರುತ್ತಿದ್ದ ಅವರನ್ನು ಬೆನ್ನ ಹಿಂದೆ ಎಲ್ಲರೂ ಕಡ್ಡಿ ಸಾಹೇಬರು ಅನ್ನುತ್ತಿದ್ದರು. ಮಾತೂ ಕಡ್ಡಿ ಮುರಿದ ಹಾಗೆಯೇ. ಕೆಲವು ಸಲ ಮಾತಿನ ಜೊತೆ ನಿಜವಾದ ಕಡ್ಡಿಯೂ ಮುರಿಯುತ್ತಿತ್ತು. ಎಲ್ಲರೂ ಅವರ ಕೈಯಲ್ಲಿ ಬೈಸಿಕೊಂಡಿದ್ದರು, ನಿಧಾನಪ್ಪನೊಬ್ಬನನ್ನು ಬಿಟ್ಟು. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಅವರು ಕೈ ತೋರಿಸದೆ ಕೋಲು ಎತ್ತಿದವನಲ್ಲ.

ಆ ವರ್ಷ ಅವನ ಹತ್ತಿರ ಡ್ರೈವಿಂಗ್ ಕಲಿಯಲು ಬಂದವರಲ್ಲಿ ಒಬ್ಬ ಹುಡುಗಿ ಇದ್ದಳು. ಕಾಲೇಜು ಮುಗಿಸುವ ವಯಸ್ಸು, ಉದ್ದನೆ ಕೈ, ಎಡಗಡೆ ಗದ್ದದ ಕೆಳಗೆ ಪಿಟೀಲು ಒತ್ತಿ ಒತ್ತಿ ಆದ ಕಂದು ಕಲೆ. ಆ ಕಲೆ ನೋಡಿದೊಡನೆ ನಿಧಾನಪ್ಪನಿಗೆ ಗೊತ್ತಾಯಿತು, ಊರೆಲ್ಲ ಮಾತಾಡಿಕೊಳ್ಳುವ ಪಿಟೀಲಿನ ಹುಡುಗಿ ಇವಳೇ ಅಂತ. ಆದರೆ ಅವಳು ಒಬ್ಬಳೇ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅವಳ ತಾಯಿ ಬಂದು ಕೂತರು.

"ನಾನು ತುಟಿ ಪಿಟಕ್ ಅನ್ನಲ್ಲ ಮೇಷ್ಟ್ರೇ. ನಾನಿದೀನಿ ಅನ್ನೋದನ್ನೇ ಮರೆತುಬಿಡಿ," ಅಂದರು.

ಮರೆಯುವುದು ಹೇಗೆ? ಗಾಡಿ ಹೊರಟದ್ದೇ ತಡ, "ಪುಟ್ಟಿ, ಸೈಕಲ್! ಪುಟ್ಟಿ, ಆ ಕಡೆ ನಾಯಿ! ಪುಟ್ಟಿ, ಗೇರು!" ಅಂತ ಶುರುವಾಗುತ್ತಿತ್ತು. ಬಾಯಿ ಸುಮ್ಮನಿದ್ದಾಗ ಕಾಲು ಸುಮ್ಮನಿರುತ್ತಿರಲಿಲ್ಲ. ಇಲ್ಲದ ಬ್ರೇಕನ್ನು ಆಕೆ ಒತ್ತುವುದು ನಿಧಾನಪ್ಪನ ಸೀಟಿನ ಬೆನ್ನಿಗೆ ತಾಗುತ್ತಿತ್ತು. ಹುಡುಗಿ ಮಾತ್ರ ತುಟಿ ಬಿಚ್ಚದೆ ಓಡಿಸುತ್ತಿದ್ದಳು, ಅದೂ ಬೇಕಾದ್ದಕ್ಕಿಂತ ಜೋರಾಗಿ, ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನುವ ಹಾಗೆ. ತಾಯಿ ಕೆಟ್ಟವರಲ್ಲ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಟೆಲಿಫೋನ್ ಕಚೇರಿಯಲ್ಲಿ ದುಡಿದು, ಮಗಳು ನಾಲ್ಕು ವರ್ಷದ ಕೂಸಾಗಿದ್ದಾಗ ಅವಳ ಕೈಗೆ ಪಿಟೀಲು ಕೊಟ್ಟು, ದಿನದಿನವೂ ಪಕ್ಕದಲ್ಲಿ ಕೂತು ಅಭ್ಯಾಸ ಮಾಡಿಸಿದವರು. ಒಂದು ದಿನ ತಪ್ಪಿಸಿದವರಲ್ಲ.

ವಾದ್ಯವೃಂದದ ಆ ವರ್ಷದ ಸಂಗೀತ ಕಚೇರಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಕಡ್ಡಿ ಸಾಹೇಬರು ಆರಿಸಿದ್ದು ಒಂಟಿ ಪಿಟೀಲಿಗೂ ಇಡೀ ವಾದ್ಯವೃಂದಕ್ಕೂ ಸೇರಿಸಿ ಬರೆದ ಒಂದು ಹಳೆಯ, ದೊಡ್ಡ ಕೃತಿ. ಒಂಟಿ ಪಿಟೀಲು ಆ ಹುಡುಗಿಯದು. ಊರಿನ ಹುಡುಗಿ ಊರಿನವರ ಮುಂದೆ ಅಷ್ಟು ದೊಡ್ಡದನ್ನು ನುಡಿಸುವುದು ಅದೇ ಮೊದಲು. ಆ ಕೃತಿಯ ಒಂದು ವಿಶೇಷವೆಂದರೆ, ಅದು ಶುರುವಾಗುವುದು ಪಿಟೀಲಿನಿಂದಲ್ಲ, ಕೊಳಲಿನಿಂದಲೂ ಅಲ್ಲ. ನಗಾರಿಯ ಮೇಲೆ ನಾಲ್ಕು ಮೆಲು ಪೆಟ್ಟು. ಬೇರೆ ಯಾರೂ ಇಲ್ಲ. ಆ ನಾಲ್ಕು ಪೆಟ್ಟಿನ ನಡಿಗೆಯನ್ನೇ ಹಿಡಿದು ಉಳಿದವರೆಲ್ಲ ಹೊರಡಬೇಕು. ಮುಂದೆಯೂ ಅಲ್ಲಲ್ಲಿ ಆ ನಾಲ್ಕು ಪೆಟ್ಟು ಮತ್ತೆ ಬರುತ್ತದೆ.

ಮೊದಲ ಅಭ್ಯಾಸದ ದಿನ ಹುಡುಗಿ ವೇದಿಕೆ ಹತ್ತಿ, ಎಲ್ಲರ ಹಿಂದೆ ನಿಂತ ನಿಧಾನಪ್ಪನನ್ನು ನೋಡಿ ಕಣ್ಣು ಅರಳಿಸಿದಳು. "ಮೇಷ್ಟ್ರೇ! ನೀವಾ?"

"ನಾನೇ. ಇಲ್ಲಿ ನಿನ್ನ ಗಾಡಿಗೆ ನಾನು ಬರೀ ಹಿಂದಿನ ಚಕ್ರ," ಅಂದ.

ಹುಡುಗಿ ನುಡಿಸಿದಳು. ನಿಧಾನಪ್ಪ ಮೈಯೆಲ್ಲ ಕಿವಿಯಾಗಿ ಕೇಳಿದ. ಬೆರಳಿನ ಓಟಕ್ಕೆ ಹಲ್ಲಿನ ಡಾಕ್ಟರು ಬಾಯಿ ಬಿಟ್ಟುಕೊಂಡು ಕೂತರು. ಆದರೆ ಕಾರಿನಲ್ಲಿ ಇದ್ದದ್ದೇ ಇಲ್ಲಿಯೂ ಇತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಸ್ವರ ಆರುವ ಮೊದಲೇ ಇನ್ನೊಂದು ಬಂದು ಅದರ ಬೆನ್ನ ಮೇಲೆ ಬೀಳುತ್ತಿತ್ತು. ಮುಂದಿನ ಸಾಲಿನ ಖಾಲಿ ಕುರ್ಚಿಗಳ ನಡುವೆ ತಾಯಿ ಒಬ್ಬರೇ ಕೂತು, ತೊಡೆಯ ಮೇಲೆ ಬೆರಳು ತಟ್ಟುತ್ತಿದ್ದರು.

ಕಡ್ಡಿ ಸಾಹೇಬರು ಕೈ ಇಳಿಸಿದರು. "ಮಗೂ, ಬಸ್ಸು ತಪ್ಪಿಹೋಗುತ್ತಾ ನಿನಗೆ?"

ಹುಡುಗಿಯ ಮುಖ ಸಣ್ಣದಾಯಿತು. ತಾಯಿ ಎದ್ದು ನಿಂತು, "ಮನೇಲಿ ಸರಿಯಾಗೇ ನುಡಿಸ್ತಾಳೆ ಸಾರ್," ಅಂದರು.

"ಮನೆಗೆ ಟಿಕೆಟ್ ಮಾರಿಲ್ಲವಲ್ಲಮ್ಮ," ಅಂದರು ಸಾಹೇಬರು.

ಚಹಾದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದರು. ನಿಧಾನಪ್ಪ ನಗಾರಿಯ ಚರ್ಮಕ್ಕೆ ಕಿವಿ ಹಚ್ಚಿ ಬಿಗಿ ಸರಿಮಾಡುತ್ತಿದ್ದ. ಹುಡುಗಿ ಹತ್ತಿರ ಬಂದಳು.

"ಮೇಷ್ಟ್ರೇ, ಮೊದಲಿನ ಆ ನಾಲ್ಕು ಹೊಡೀತೀರಲ್ಲ, ಆಗ ಮನಸ್ಸಲ್ಲಿ ಏನಿರುತ್ತೆ?"

ಯಾರೂ ಅವನನ್ನು ಹಾಗೆ ಕೇಳಿದ್ದಿಲ್ಲ. ಅವನು ತಲೆ ಕೆರೆದುಕೊಂಡ. "ನನಗೆ ಕಲಿಸಿದ ಮುದುಕರು ಒಂದು ಮಾತು ಹೇಳಿದ್ದರು. ರಾತ್ರಿಪಾಳಿ ಮುಗಿಸಿ ಮನೆಗೆ ಬಂದಿದೀಯ. ಒಳಗೆ ಮಗು ಮಲಗಿದೆ, ಏಳಬಾರದು. ಆದರೆ ಹೆಂಡತಿ ಎದ್ದು ಬಾಗಿಲು ತೆಗೀಬೇಕು. ಹಾಗೆ ತಟ್ಟು ಅಂತ."

ಹುಡುಗಿ ನಕ್ಕಳು. ಅವಳು ನಗುವುದನ್ನು ಅವನು ನೋಡಿದ್ದು ಅದೇ ಮೊದಲು. "ತೆಗೀದಿದ್ದರೆ?"

"ಕಾಯಬೇಕು. ಬಾಗಿಲು ಮುರಿಯೋಕಾಗುತ್ತಾ?"

"ಪುಟ್ಟಿ, ಚಹಾ ಆರಿಹೋಗುತ್ತೆ!" ಅಂತ ಬಾಗಿಲಿನಿಂದ ಕೂಗು ಬಂತು. ಹುಡುಗಿ ಹೋದಳು.

ನಿಧಾನಪ್ಪನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯಂಗಡಿ ಇಟ್ಟಿದ್ದಳು. ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಬಿಗಿ ಸಡಿಲ ಮಾಡಿಕೊಡುವುದರಲ್ಲಿ ಅವಳ ಕೈ ಹೆಸರಾಗಿತ್ತು. ಗಂಡ ಅಷ್ಟು ವರ್ಷ ಬಾರಿಸಿದರೂ ಅವಳು ಕಚೇರಿಗೆ ಹೋದದ್ದು ಒಂದೇ ಸಲ. "ನೀವು ಹೊಡೆಯೋ ಹತ್ತು ಏಟು ಕೇಳೋಕೆ ಎರಡು ಗಂಟೆ ಕೂರೋ ಬದಲು, ಮನೇಲಿ ದಿಂಬಿನ ಮೇಲೆ ಹೊಡೀರಿ, ಇಲ್ಲೇ ಕೇಳ್ತೀನಿ," ಅನ್ನುವುದು ಅವಳ ವಾದ. ಕಚೇರಿ ಹತ್ತಿರವಾದಾಗ ಆ ಹುಡುಗಿಯ ಹಸಿರು ಗೌನು ಅವಳ ಅಂಗಡಿಗೇ ಬಂತು. ತೋಳು ಬಿಗಿ, ಕಮಾನು ಎಳೆಯುವಾಗ ಕಂಕುಳಲ್ಲಿ ಹಿಡಿಯುತ್ತದೆ.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ರೀ, ಆ ಹುಡುಗಿಗೆ ಬಾಯಿ ಇದೆಯೇನ್ರೀ?"

"ಯಾಕೆ?"

"ಎಲ್ಲಿ ಬಿಗಿ ಅಂತ ಅವಳನ್ನ ಕೇಳಿದರೆ ಅಮ್ಮ ಹೇಳ್ತಾರೆ. ನೋಯುತ್ತಾ ಅಂದರೆ ಅಮ್ಮ ನೋಯುತ್ತೆ ಅಂತಾರೆ. ಕೊನೆಗೆ ಆ ಗೌನು ಯಾರಿಗೆ ಹಾಕಬೇಕು ಅಂತ ನನಗೇ ಅನುಮಾನ ಬಂತು."

"ಬಾಯಿ ಇದೆ. ಪಿಟೀಲು ಹಿಡಿದಾಗ ಕೇಳಬೇಕು."

"ಹಾಗಾದರೆ ಕೇಳ್ತೀನಿ. ಈ ಸಲ ಬರ್ತೀನಿ. ನನ್ನ ತೋಳು ಹೇಗೆ ಕೂತಿದೆ ಅಂತ ನೋಡಬೇಕಲ್ಲ," ಅಂದಳು.

ಕಚೇರಿಯ ಸಂಜೆ ಪುರಭವನ ತುಂಬಿ ಬಾಲ್ಕನಿಯಲ್ಲೂ ಜನ ನಿಂತಿದ್ದರು. ಊರಿನ ಹುಡುಗಿ ಅಂದರೆ ಕೇಳಬೇಕೆ? ಅವಳಿಗೆ ಲೆಕ್ಕ ಹೇಳಿಕೊಟ್ಟವರು, ಬ್ರೆಡ್ಡು ಮಾರಿದವರು, ಗೋಡೆಯಾಚೆ ವರ್ಷಗಟ್ಟಲೆ ಅವಳ ಅಭ್ಯಾಸ ಕೇಳಿ ಕೇಳಿ ಕಿವಿಗೆ ಹತ್ತಿ ಇಟ್ಟುಕೊಂಡ ನೆರೆಯವರು, ಎಲ್ಲರೂ ಬಂದಿದ್ದರು. ತಾಯಿ ಮೊದಲ ಸಾಲಿನ ನಟ್ಟನಡುವೆ. ನಿಧಾನಪ್ಪನ ಹೆಂಡತಿ ಪಕ್ಕದ ಗೋಡೆಯ ಹತ್ತಿರ, ಹೊಸ ಕನ್ನಡಕ ಹಾಕಿಕೊಂಡು.

ಹುಡುಗಿ ಬಂದು ನಿಂತಳು. ಚಪ್ಪಾಳೆ ನಿಂತಿತು. ಕಡ್ಡಿ ಸಾಹೇಬರು ಎಲ್ಲರ ತಲೆಯ ಮೇಲಿನಿಂದ ನಿಧಾನಪ್ಪನನ್ನು ನೋಡಿ ಕೈ ತೋರಿಸಿದರು. ಅವನು ಬಾಗಿಲು ತಟ್ಟಿದ. ನಾಲ್ಕು ಪೆಟ್ಟು, ಮಗು ಏಳದ ಹಾಗೆ. ಕೊಳಲು ಓಗೊಟ್ಟಿತು, ಪಿಟೀಲುಗಳು ಎದ್ದವು, ಸಭೆ ಹಿಡಿದಿದ್ದ ಉಸಿರು ಬಿಟ್ಟಿತು.

ಬಹಳ ಹೊತ್ತು ಎಲ್ಲವೂ ಚೆನ್ನಾಗಿಯೇ ನಡೆಯಿತು. ಹುಡುಗಿ ಅಭ್ಯಾಸದಲ್ಲಿ ಓಡಿದಷ್ಟು ಓಡಲಿಲ್ಲ, ಆದರೂ ಭುಜ ಕಿವಿಯ ಕಡೆ ಏರುತ್ತಿರುವುದನ್ನು ನಿಧಾನಪ್ಪ ಹಿಂದಿನಿಂದ ನೋಡುತ್ತಿದ್ದ. ಕಾರಿನಲ್ಲೂ ಅವಳ ಭುಜ ಹೀಗೆ ಏರಿದರೆ ಸ್ವಲ್ಪದರಲ್ಲೇ ಗಾಡಿ ನಿಂತುಹೋಗುತ್ತಿತ್ತು. ಮೊದಲ ಭಾಗದ ನಡುವೆ ಒಂದು ಜಾಗ ಬರುತ್ತದೆ. ಇಡೀ ವಾದ್ಯವೃಂದ ಭೋರ್ಗರೆದು, ಇಳಿದು ಇಳಿದು ಮೌನವಾಗಿ, ಕೊನೆಗೆ ನಗಾರಿಯ ನಾಲ್ಕು ಪೆಟ್ಟು ಮಾತ್ರ ಉಳಿಯುತ್ತದೆ. ಅದಾದ ಮೇಲೆ ಒಂಟಿ ಪಿಟೀಲು, ಎತ್ತರದಲ್ಲಿ, ಯಾರ ಆಸರೆಯೂ ಇಲ್ಲದೆ ಶುರು ಮಾಡಬೇಕು. ಸಾಹೇಬರು ಕೈ ತೋರಿಸಿದರು, ನಿಧಾನಪ್ಪ ನಾಲ್ಕು ಪೆಟ್ಟು ಕೊಟ್ಟ.

ಹುಡುಗಿ ಶುರು ಮಾಡಲಿಲ್ಲ.

ಕಮಾನು ತಂತಿಯ ಮೇಲೆ ಇತ್ತು, ಚಲಿಸಲಿಲ್ಲ. ಅವಳು ಮುಂದಿನ ಸಾಲಿನ ಕಡೆ ನೋಡುತ್ತಾ ಕಲ್ಲಾಗಿ ನಿಂತಿದ್ದಳು. ಸಾಹೇಬರ ಕೈ ಅರ್ಧದಲ್ಲಿ ನಿಂತಿತು. ಅವರ ಕೆಲಸ ಕೈ ಆಡಿಸುವುದು, ಶಬ್ದ ಮಾಡುವುದಲ್ಲ. ಔಷಧಿ ಅಂಗಡಿಯಾಕೆ ತಲೆ ಎತ್ತಿದರು. ಬಾಲ್ಕನಿಯಲ್ಲಿ ಯಾರೋ ಕೆಮ್ಮಿದರು. ಇನ್ನೊಂದು ಗಳಿಗೆ ಹೋದರೆ ಅವಳು ತಪ್ಪಿ ನಿಂತದ್ದು ಸಭೆಗೆಲ್ಲ ಗೊತ್ತಾಗುತ್ತದೆ, ಅವಳಿಗೂ ಗೊತ್ತಾಗುತ್ತದೆ, ಆಮೇಲೆ ಆ ಕಮಾನು ಏಳುವುದಿಲ್ಲ.

ನಿಧಾನಪ್ಪ ಮುಂದೆ ನೋಡಿದ. ಸಾಹೇಬರ ಕಣ್ಣು ಹುಡುಗಿಯ ಮೇಲಿತ್ತು, ಯಾರೂ ಅವನಿಗೆ ಕೈ ತೋರಿಸಿರಲಿಲ್ಲ. ತೋರಿಸದಿದ್ದರೆ ಗೋಡೆ. ಅಷ್ಟು ವರ್ಷ ಗೋಡೆಯಾಗಿದ್ದವನು ಕೋಲು ಎತ್ತಿದ.

ಮತ್ತೆ ನಾಲ್ಕು ಪೆಟ್ಟು. ಈ ಸಲ ಇನ್ನೂ ಮೆತ್ತಗೆ, ಇನ್ನೂ ನಿಧಾನವಾಗಿ. ಎರಡನೆಯ ಪೆಟ್ಟಿಗೆ ಹುಡುಗಿಯ ಕತ್ತು ತಿರುಗಿತು. ಮೂರನೆಯದಕ್ಕೆ ಮೈಯೂ ಅರ್ಧ ತಿರುಗಿತು, ಸಭೆಗೆ ಭುಜ ಕೊಟ್ಟು, ವಾದ್ಯಗಳ ಕಡೆ ಮುಖ ಮಾಡಿದಳು. ಕಣ್ಣು ಹುಡುಕಿಕೊಂಡು ಬಂದು ನಿಧಾನಪ್ಪನ ಮೇಲೆ ನಿಂತಿತು. ಅವನು ಕಾರಿನಲ್ಲಿ ಮಾಡುವ ಹಾಗೆ ಸುಮ್ಮನೆ ತಲೆ ಆಡಿಸಿದ. ನಾಲ್ಕನೆಯದು ಆರಿಹೋಗುವವರೆಗೆ ಅವಳು ಕಾದಳು. ಪೂರ್ತಿ ಆರುವವರೆಗೆ. ಆಮೇಲೆ ಕಮಾನು ಎಳೆದಳು.

ಅವಳ ಕೈಯಿಂದ ಅಂಥ ಸ್ವರ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆತುರ ಎಲ್ಲಿ ಹೋಯಿತೋ. ಒಂದೊಂದು ಸ್ವರವನ್ನೂ ಇಟ್ಟು, ಅದು ಕೂತ ಮೇಲೆ ಮುಂದಿನದನ್ನು ಇಟ್ಟಳು. ಮೈಯನ್ನು ಸಭೆಯ ಕಡೆ ಪೂರ್ತಿ ತಿರುಗಿಸಲೇ ಇಲ್ಲ. ಕೊನೆಯವರೆಗೂ ಹಾಗೆ, ಓರೆಯಾಗಿಯೇ ನಿಂತು ನುಡಿಸಿದಳು.  ಎರಡನೆಯ ಭಾಗದಲ್ಲಿ ನಗಾರಿಗೆ ಕೆಲಸವೇ ಇರಲಿಲ್ಲ, ನಿಧಾನಪ್ಪ ಕೋಲು ಕೆಳಗಿಟ್ಟು ಕೇಳುತ್ತಾ ನಿಂತ.

ಮುಗಿದಾಗ ಜನ ಎದ್ದು ನಿಂತರು. ನೆರೆಯವರು ಕಿವಿಗೆ ಇಟ್ಟುಕೊಂಡಿದ್ದ ಹತ್ತಿ ನೆನಪಾಗಿಯೋ ಏನೋ ಕಣ್ಣು ಒರೆಸಿಕೊಂಡರು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಕಡ್ಡಿ ಸಾಹೇಬರು ನೇರವಾಗಿ ಅವನ ಹತ್ತಿರ ಬಂದರು. 

"ನಾನು ಕೈ ತೋರಿಸಿರಲಿಲ್ಲ."

"ಇಲ್ಲ ಸಾಹೇಬರೇ."

"ಇಷ್ಟು ವರ್ಷದಲ್ಲಿ ಇದೇ ಮೊದಲು."

"ಹೌದು."

"ಇದೇ ಕೊನೆಯೂ ಆಗಲಿ," ಅಂದು, ಕಡ್ಡಿಯನ್ನು ಎಡಗೈಗೆ ಬದಲಿಸಿಕೊಂಡು, ಅವನ ಬಲಗೈ ಹಿಡಿದು ಗಟ್ಟಿಯಾಗಿ ಕುಲುಕಿದರು. ಬಿಡುವಾಗ ಸ್ವಲ್ಪ ತಡವಾಯಿತು.

ಅಷ್ಟರಲ್ಲಿ ತಾಯಿ ಜನರನ್ನು ಸರಿಸಿಕೊಂಡು ಬಂದರು. ಮುಖ ಕೆಂಪಾಗಿತ್ತು. "ಏನು ಮೇಷ್ಟ್ರೇ ನೀವು ಮಾಡಿದ್ದು? ನಾನು ಎಣಿಸ್ತಾನೇ ಇದ್ದೆ. ಹೊಡೀಬಾರದ ಕಡೆ ಹೊಡೆದಿರಿ. ನನ್ನ ಮಗಳು ಒಂದು ಸ್ವರ ತಪ್ಪಿದವಳಲ್ಲ, ನಿಮ್ಮಿಂದ ತಬ್ಬಿಬ್ಬಾಗಿ ನಿಂತಳು. ಹದಿನಾರು ವರ್ಷದ ಶ್ರಮ ನಿಮ್ಮ ನಾಲ್ಕು ಏಟಿಗೆ ಮಣ್ಣಾಗ್ತಿತ್ತು!"

 ಔಷಧಿ ಅಂಗಡಿಯಾಕೆ ಏನೋ ಹೇಳಲು ಬಾಯಿ ತೆರೆದರು. ನಿಧಾನಪ್ಪ ಅವರ ಕಡೆ ನೋಡಿ ಬೇಡ ಅನ್ನುವ ಹಾಗೆ ಕಣ್ಣು ಮುಚ್ಚಿ ತೆರೆದ. ತಾಯಿಯ ಹಿಂದೆ ಹುಡುಗಿ ಪಿಟೀಲನ್ನು ಎದೆಗೆ ಅವಚಿಕೊಂಡು, ಬಿಳುಚಿಕೊಂಡು ನಿಂತಿದ್ದಳು.

"ಹೌದಮ್ಮ. ಕೈ ಜಾರಿತು. ಹೊಟ್ಟೆಗೆ ಹಾಕ್ಕೊಳ್ಳಿ," ಅಂದ ನಿಧಾನಪ್ಪ.

ಹುಡುಗಿ ತುಟಿ ಕಚ್ಚಿಕೊಂಡಳು. ಏನೂ ಹೇಳಲಿಲ್ಲ.

ಮನೆಗೆ ನಡೆದುಹೋಗುವಾಗ ಹೆಂಡತಿಗೆ ಖುಷಿಯೋ ಖುಷಿ. "ತೋಳು ಎಷ್ಟು ಚೆನ್ನಾಗಿ ಕೂತಿತ್ತು ನೋಡಿದಿರಾ? ಮತ್ತೆ ರೀ, ನಡುವೆ ಎಲ್ಲರೂ ಸುಮ್ಮನಿದ್ದು ನೀವೊಬ್ಬರೇ ಎರಡು ಸಲ ಹೊಡೆದಿರಲ್ಲ, ನನಗೆ ಅದೇ ಎಲ್ಲಕ್ಕಿಂತ ಇಷ್ಟ ಆಯ್ತು." ಅವನು ನಕ್ಕ. ಆದರೆ ವಾರದ ಕೊನೆಯಲ್ಲಿ ಊರಿನ ಪತ್ರಿಕೆ ಬಂತು. ಹುಡುಗಿಯನ್ನು ಬಾಯಿತುಂಬ ಹೊಗಳಿ, ಕೊನೆಯಲ್ಲಿ ಒಂದು ಸಾಲು: ನಗಾರಿಯವರು ಒಂದು ಕಡೆ ಮೈಮರೆತಂತಿತ್ತು. ಆಗ ಹೆಂಡತಿ ಅವನ ಬಾಯಿ ಬಿಡಿಸಿದಳು. ನಡೆದದ್ದನ್ನೆಲ್ಲ ಕೇಳಿ, ಕತ್ತರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೊರಟಳು.

"ಎಲ್ಲಿಗೆ?"

"ಆ ಅಮ್ಮನ ಮನೆಗೆ. ಹೇಳಬೇಕಾದ್ದು ಹೇಳಿ ಬರ್ತೀನಿ."

"ಕೂತ್ಕೋ. ನನ್ನ ಮರ್ಯಾದೆಗೆ ಏನಾಗಿದೆ? ಮುಂದಿನ ವಾರ ಪತ್ರಿಕೆಯವರಿಗೆ ತಪ್ಪು ಹುಡುಕೋಕೆ ಇನ್ನೊಬ್ಬ ಸಿಕ್ತಾನೆ."

"ಆ ಹುಡುಗಿಯಾದರೂ ಹೇಳಬಹುದಿತ್ತು!"

ನಿಧಾನಪ್ಪ ಅವಳ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟ. ಬೈದದ್ದು ಅವನಿಗೆ ತಾಗಿರಲಿಲ್ಲ, ಬರೆದದ್ದೂ ತಾಗಿರಲಿಲ್ಲ. ಹುಡುಗಿ ಸುಮ್ಮನಿದ್ದದ್ದು ಮಾತ್ರ ಚಪ್ಪಲಿಯೊಳಗೆ ಸೇರಿದ ಮರಳಿನ ಹಾಗೆ ಹೋದಲ್ಲಿ ಬಂದಲ್ಲಿ ಚುಚ್ಚುತ್ತಿತ್ತು. ಚುಚ್ಚುತ್ತಿದೆ ಅಂತ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಮುಂದಿನ ಪಾಠಕ್ಕೆ ಅವರು ಬರಲಿಕ್ಕಿಲ್ಲ ಅಂದುಕೊಂಡಿದ್ದ. ಬಂದರು. ತಾಯಿ ಬಿಗಿದ ಮುಖದಲ್ಲಿ ಹಿಂದೆ ಕೂತರು. ಹುಡುಗಿ ಓಡಿಸಿದಳು. ಮಾರುಕಟ್ಟೆ ದಾಟಿ, ಸೇತುವೆ ದಾಟಿ, ಮರಗಳ ಸಾಲಿನ ಕೆಳಗೆ ಬಂದಾಗ ಯಾರೂ ಹೇಳದೆ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು, ಪಕ್ಕಕ್ಕೆ ತಂದು ಗಾಡಿ ನಿಲ್ಲಿಸಿದಳು. ಅಷ್ಟು ನಯವಾಗಿ ಅವಳು ಯಾವತ್ತೂ ನಿಲ್ಲಿಸಿದ್ದಿಲ್ಲ.

"ಯಾಕೆ ಪುಟ್ಟಿ? ಏನಾಯ್ತು?"

ಹುಡುಗಿ ಸ್ಟೀರಿಂಗ್ ಹಿಡಿದುಕೊಂಡೇ ಮಾತಾಡಿದಳು. "ಅಮ್ಮ, ಆವತ್ತು ಮೇಷ್ಟ್ರು ತಪ್ಪು ಮಾಡಲಿಲ್ಲ. ನಾನು ನಿಂತುಬಿಟ್ಟೆ. ಅವರು ಮತ್ತೆ ಹೊಡೆದು ನನ್ನನ್ನ ಕರೆದುಕೊಂಡರು."

"ಮರೆತುಹೋಯ್ತಾ?"

"ಮರೆತಿರಲಿಲ್ಲ. ಒಂದೊಂದು ಸ್ವರವೂ ನೆನಪಿತ್ತು. ನಿನ್ನ ತುಟಿ ಕಾಣಿಸ್ತಿತ್ತು ಅಮ್ಮ. ಮುಂದಿನ ಸಾಲಲ್ಲಿ ಕೂತು ನನ್ನ ಜೊತೆ ಎಣಿಸ್ತಿದ್ದೆ. ನಾನು ಇನ್ನೂ ನುಡಿಸಿರಲೇ ಇಲ್ಲ, ನೀನಾಗಲೇ ಮುಂದಿನ ಸ್ವರಕ್ಕೆ ಹೋಗಿದ್ದೆ. ನನಗೆ ಇಲ್ಲಿ ಏನು ಕೆಲಸ ಅನ್ನಿಸಿಬಿಡ್ತು. ಕೈ ಏಳಲಿಲ್ಲ." ಅವಳು ನಿಧಾನಪ್ಪನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಆವತ್ತೇ ಹೇಳಬೇಕಿತ್ತು ಮೇಷ್ಟ್ರೇ. ಧೈರ್ಯ ಬರಲಿಲ್ಲ."

ನಿಧಾನಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಇವತ್ತು ಬಂತಲ್ಲ ಮಗಳೇ, ಸಾಕು," ಅಂದ. 

 ಹಿಂದಿನ ಸೀಟಿನಲ್ಲಿ ಇಲ್ಲದ ಬ್ರೇಕು ಒತ್ತುವ ಕಾಲು ನಿಂತಿತ್ತು. ಆಮೇಲೆ ತಾಯಿ, ಯಾರಿಗೆ ಅಂತಿಲ್ಲದೆ, ಮೆಲ್ಲಗೆ ಹೇಳಿದರು: "ನೀನು ಇಷ್ಟಿದ್ದಾಗಿನಿಂದ ನಿನ್ನ ಜೊತೆ ಎಣಿಸಿದೀನಿ ಪುಟ್ಟಿ. ಎಣಿಸದೆ ಕೇಳೋದು ಹೇಗೆ ಅಂತ ನನಗೆ ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿಲ್ಲ."

ಹುಡುಗಿ ಬಿಕ್ಕಿದಳು. ಇಬ್ಬರು ಹೆಣ್ಣುಮಕ್ಕಳ ಕಣ್ಣೀರಿನ ನಡುವೆ ಸಿಕ್ಕಿಬಿದ್ದ ನಿಧಾನಪ್ಪನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕೊನೆಗೆ ಅಂದ, "ಅದೇನು ದೊಡ್ಡ ವಿದ್ಯೆ ಅಲ್ಲಮ್ಮ. ಮುಂದಿನ ತಿಂಗಳು ಪಕ್ಕದ ಊರಲ್ಲಿ ಇದನ್ನೇ ಮತ್ತೆ ನುಡಿಸ್ತೀವಲ್ಲ, ನನ್ನ ಹೆಂಡತಿ ಪಕ್ಕ ಕೂತ್ಕೊಳ್ಳಿ. ಅವಳ ಪಕ್ಕ ಕೂತು ಎಣಿಸಿದವರನ್ನ ನಾನು ಕಾಣೆ. ಮಾತಿಗೆ ಬಿಡುವು ಕೊಟ್ಟರೆ ತಾನೆ?"

ತಾಯಿಗೆ ಅಳುವಿನ ನಡುವೆಯೇ ನಗು ಬಂತು.

ಆಕೆ ಬಾಯಿ ಬಿಟ್ಟು ಕ್ಷಮೆ ಕೇಳಲಿಲ್ಲ. ಹಾಗೆ ಕೇಳುವ ಜಾತಿಯವರಲ್ಲ. ಎರಡು ದಿನ ಬಿಟ್ಟು ಹೊಲಿಗೆಯಂಗಡಿಗೆ ಬಂದು, ಏನೂ ಹರಿಯದ ಒಂದು ಕೋಟನ್ನು ಮೇಜಿನ ಮೇಲಿಟ್ಟು, "ಇದನ್ನ ಸ್ವಲ್ಪ ನೋಡಿ," ಅಂದರು. ನಿಧಾನಪ್ಪನ ಹೆಂಡತಿ ಕೋಟನ್ನು ತಿರುವಿ ಮುರುವಿ ನೋಡಿದಳು, ಆಕೆಯ ಮುಖ ನೋಡಿದಳು. ಬಿಸಿಯಾಗಿ ಒಂದೆರಡು ಮಾತು ಆಡಲು ಸಿದ್ಧವಾಗಿದ್ದವಳು, "ಇದಕ್ಕೇನಾಗಿದೆ, ಚೆನ್ನಾಗೇ ಇದೆ. ಕೂತ್ಕೊಳ್ಳಿ, ಚಹಾ ಮಾಡ್ತೀನಿ," ಅಂದಳು. ಕತ್ತಲಾಗುವವರೆಗೆ ಇಬ್ಬರೂ ಮಾತಾಡಿದರು. ಏನು ಮಾತಾಡಿದರು ಅಂತ ನಿಧಾನಪ್ಪ ಕೇಳಲಿಲ್ಲ, ಹೆಂಡತಿ ಹೇಳಲಿಲ್ಲ.

ಪಕ್ಕದ ಊರಿನ ಕಚೇರಿಯಲ್ಲಿ ಅವರಿಬ್ಬರೂ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತರು. ವೇದಿಕೆಯಿಂದ ಅವರ ಮುಖ ಕಾಣುವಂತಿರಲಿಲ್ಲ. ಆ ಜಾಗ ಆರಿಸಿದ್ದು ತಾಯಿಯೇ. ಹುಡುಗಿ ಸಭೆಗೆ ನೇರವಾಗಿ ಮುಖ ಕೊಟ್ಟು ನುಡಿಸಿದಳು, ಎಲ್ಲೂ ನಿಲ್ಲಲಿಲ್ಲ. ಸಾಹೇಬರು ಕೈ ತೋರಿಸಿದಾಗ ಮಾತ್ರ ನಿಧಾನಪ್ಪ ಬಾರಿಸಿದ. ಕೊನೆಯಲ್ಲಿ ಚಪ್ಪಾಳೆಯ ನಡುವೆ ಸಾಹೇಬರು ನಗಾರಿಯವನನ್ನು ಎದ್ದು ನಿಲ್ಲುವಂತೆ ಕರೆದರು. ಅವನು ಮೊದಲೇ ನಿಂತಿದ್ದ. ನಗಾರಿಯವರು ನಿಂತೇ ಬಾರಿಸುವುದು. ಏನು ಮಾಡಬೇಕೋ ತೋಚದೆ ಅರ್ಧ ಕೂತು ಮತ್ತೆ ಎದ್ದ, ಇಡೀ ವಾದ್ಯವೃಂದ ನಕ್ಕಿತು.

ಬೇಸಿಗೆ ಕಳೆಯುವುದರೊಳಗೆ ಹುಡುಗಿ ಡ್ರೈವಿಂಗ್ ಪರೀಕ್ಷೆ ಪಾಸು ಮಾಡಿ, ದೊಡ್ಡ ಊರಿನ ಸಂಗೀತ ಶಾಲೆಗೆ ಸೇರಿಕೊಂಡಳು. ಆಗೀಗ ಫೋನು ಮಾಡುತ್ತಾಳೆ. ಅಲ್ಲಿಯ ನಗಾರಿಯವನು ಬಾಗಿಲು ತಟ್ಟುವುದಿಲ್ಲ, ಒದೆಯುತ್ತಾನೆ ಅಂತ ದೂರುತ್ತಾಳೆ. ಅವಳ ತಾಯಿ ಟೆಲಿಫೋನ್ ಕಚೇರಿಯ ಕೆಲಸ ಮುಗಿಸಿ ಬಂದು ಹೊಲಿಗೆಯಂಗಡಿಯಲ್ಲಿ ಗುಂಡಿ ಹಚ್ಚಲು ಕಲಿಯುತ್ತಿದ್ದಾರೆ. ನಿಧಾನಪ್ಪನ ಹೆಂಡತಿ ಪಾಠ ಹೇಳುವ ರೀತಿಗೂ ಅವಳ ಗಂಡ ಹೇಳುವ ರೀತಿಗೂ ಅಜಗಜಾಂತರ. ದಿನಕ್ಕೊಂದು ಸಲ ಜಗಳ, ದಿನಕ್ಕೆರಡು ಸಲ ಚಹಾ.

ವಾದ್ಯವೃಂದ ಈಗ ಹೊಸದೊಂದು ಕೃತಿ ಎತ್ತಿಕೊಂಡಿದೆ. ಅದರಲ್ಲಿ ನಗಾರಿಯೇ ಇಲ್ಲ. ಆದರೂ ನಿಧಾನಪ್ಪ ವಾರಕ್ಕೆರಡು ಸಂಜೆ ಸ್ನಾನ ಮಾಡಿ ಹೊರಡುತ್ತಾನೆ.

"ಹೊಡೆಯೋಕೆ ಏನೂ ಇಲ್ಲ ಅಂದಿರಲ್ಲ, ಮತ್ತೆ ಯಾಕೆ?" ಅಂತ ಮಿಷಿನ್ನಿನ ಹಿಂದಿನಿಂದ ಹೆಂಡತಿ ಕೇಳುತ್ತಾಳೆ.

"ಕೇಳೋಕೆ," ಅನ್ನುತ್ತಾನೆ. ಅಂಗಿಯ ತೋಳು ಮಡಚಿಕೊಂಡು, ಬಾಗಿಲು ಎಳೆದುಕೊಂಡು ಹೋಗುತ್ತಾನೆ.